ಹದಿನೇಳನೇ ಸ್ಥಾನ, ಕೈಯಲ್ಲಿ ಯುರೋಪಿನ ಕಪ್: ಓದುಗರ ಪ್ರಶ್ನೆ, ನನ್ನ ಉತ್ತರ

ಕ್ರಿಕೆಟ್ಟಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡ್ಕೋಬೇಡಿ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಫುಟ್‌ಬಾಲ್ ತಂಡದ ಮೇಲಿವೆ: ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್ಸ್‌ಪರ್, ಎಲ್ಲರ ಬಾಯಲ್ಲಿ ಸ್ಪರ್ಸ್. ಅವರ 2024-25ರ ಸೀಸನ್ ಮುಗಿದರೂ ನಮ್ಮ ಮುಂಬೈ, ಪುಣೆ, ಗೋವಾದ ಕನ್ನಡಿಗರ ಜಗಳ ಮುಗಿದಿಲ್ಲ. ಒಂದೇ ಸಲ ಕೂತು ಉತ್ತರ ಬರೆದುಬಿಡೋಣ ಅಂತ ಶುರು ಮಾಡಿದ್ದೇನೆ.

ಪ್ರ: ಇಂಗ್ಲೆಂಡಿನ ಲೀಗಿನಲ್ಲಿ 20 ತಂಡ, ಅದರಲ್ಲಿ ಇವರದು 17ನೇ ಸ್ಥಾನ. ಅದೇ ತಂಡಕ್ಕೆ ಯುರೋಪಾ ಲೀಗ್ ಕಪ್, ಮೇಲಿಂದ ಚಾಂಪಿಯನ್ಸ್ ಲೀಗಿಗೆ ಪ್ರವೇಶ. ಇದು ಯಾವ ಸೀಮೆ ನ್ಯಾಯ ಸಾರ್?
– ಓದುಗರೊಬ್ಬರು, ಡೊಂಬಿವಲಿ

ಉ: ಸಿಟ್ಟು ಸ್ವಲ್ಪ ಇಳಿಸಿ, ಲೆಕ್ಕ ನೋಡೋಣ. ಲೀಗಿನಲ್ಲಿ 38 ಮ್ಯಾಚ್. ಸ್ಪರ್ಸ್ ಗೆದ್ದದ್ದು 11, ಡ್ರಾ 5, ಸೋತದ್ದು 22. ಒಟ್ಟು 38 ಪಾಯಿಂಟ್. ಇಷ್ಟು ನೋಡಿದರೆ ಮಣ್ಣು ಮುಕ್ಕಿದ ತಂಡ ಅಂತಲೇ ಅನಿಸುತ್ತೆ. ಆದರೆ ಗೋಲಿನ ಕಾಲಂ ನೋಡಿ: ಹೊಡೆದದ್ದು 64, ತಿಂದದ್ದು 65. ಹದಿನೇಳನೇ ಸ್ಥಾನದವರಿಗೆ ಗೋಲಿನಲ್ಲಿ ಬರೀ ಒಂದರ ಕೊರತೆ! 2024ರ ನವೆಂಬರ್ 23ರಂದು ಮ್ಯಾಂಚೆಸ್ಟರ್ ಸಿಟಿಯ ಮನೆಗೇ ಹೋಗಿ 4-0 ಹೊಡೆದು ಬಂದರು. ಅದಕ್ಕೆ ಎರಡು ವಾರದ ಹಿಂದೆ ತಮ್ಮದೇ ಮೈದಾನದಲ್ಲಿ ಇಪ್ಸ್‌ವಿಚ್ ಕೈಲಿ ಸೋತಿದ್ದರು. ಇಪ್ಸ್‌ವಿಚ್‌ಗೆ ಆ ಸೀಸನ್ನಿನ ಲೀಗಿನಲ್ಲಿ ಅದೇ ಮೊದಲ ಗೆಲುವು. ಇಂಥ ತಂಡವನ್ನು ನಂಬಿ ಯಾರಾದರೂ ಮಸಾಲೆ ದೋಸೆಯ ಬೆಟ್ ಕಟ್ಟಿದರೆ ಅದು ಅವರ ಹಣೆಬರಹ.

ಇನ್ನೊಂದು ಮಾತು. ಕೆಳಗಿನ ಮೂರು ತಂಡ ಕೆಳದರ್ಜೆಗೆ ಇಳಿಯುತ್ತವೆ. ಆ ವರ್ಷ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಇಳಿದವು. ಹದಿನೆಂಟನೆಯ ಲೆಸ್ಟರ್‌ಗೆ ಸಿಕ್ಕಿದ್ದು 25 ಪಾಯಿಂಟ್. ಅಂದರೆ ಸ್ಪರ್ಸ್‌ಗೂ ಅವರಿಗೂ ನಡುವೆ 13 ಪಾಯಿಂಟಿನ ಅಂತರ. ಇಳಿಯುವ ಭಯ ಬೇಗನೇ ಹೋಯಿತು. ಭಯ ಹೋದ ಮೇಲೆ ಲೀಗನ್ನು ಅದರ ಪಾಡಿಗೆ ಬಿಟ್ಟು ಕಪ್ಪಿನ ಹಿಂದೆ ಬಿದ್ದರು. ಇಡೀ ಸೀಸನ್ನಿನ ಗುಟ್ಟು ಇದೇ. ಕೆಳಗಿನ ಮೂರೂ ತಂಡ ಸ್ವಲ್ಪ ಚೆನ್ನಾಗಿ ಆಡಿದ್ದರೆ ಈ ಆಟ ನಡೀತಿರಲಿಲ್ಲ.

ಯುರೋಪಾ ಲೀಗ್ ಬೇರೆಯೇ ಪಂದ್ಯಾವಳಿ, ಯುರೋಪಿನ ಕ್ಲಬ್ಬುಗಳ ಎರಡನೇ ದರ್ಜೆಯದು. ಅದಕ್ಕಿಂತ ಮೇಲಿನದು ಚಾಂಪಿಯನ್ಸ್ ಲೀಗ್. ಅದನ್ನು ಗೆದ್ದವರಿಗೆ ತಮ್ಮ ದೇಶದಲ್ಲಿ ಎಷ್ಟನೇ ಸ್ಥಾನವೇ ಇರಲಿ, ಮುಂದಿನ ವರ್ಷ ಚಾಂಪಿಯನ್ಸ್ ಲೀಗಿನಲ್ಲಿ ಜಾಗ ಉಂಟು. ಹಾಗಾಗಿ ಇಂಗ್ಲೆಂಡಿನಿಂದ 2025-26ಕ್ಕೆ ಆರು ತಂಡ ಹೋದವು: ಲಿವರ್‌ಪೂಲ್, ಆರ್ಸೆನಲ್, ಸಿಟಿ, ಚೆಲ್ಸಿ, ನ್ಯೂಕಾಸಲ್, ಆರನೆಯದು ಸ್ಪರ್ಸ್.

ನ್ಯಾಯ ಕೇಳಿದಿರಲ್ಲ, 2012ಕ್ಕೆ ಹೋಗಿ. ಆ ವರ್ಷ ಸ್ಪರ್ಸ್ ಲೀಗಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು ಚಾಂಪಿಯನ್ಸ್ ಲೀಗಿನ ಹೊಸ್ತಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಆರನೇ ಸ್ಥಾನದ ಚೆಲ್ಸಿ ಮ್ಯೂನಿಕ್‌ನಲ್ಲಿ ಬಯರ್ನ್ ತಂಡವನ್ನು ಅದರ ಮನೆಯಲ್ಲೇ ಪೆನಾಲ್ಟಿಯಲ್ಲಿ ಸೋಲಿಸಿ ಚಾಂಪಿಯನ್ಸ್ ಲೀಗನ್ನೇ ಗೆದ್ದಿತು. ಆಗಿನ ನಿಯಮದಲ್ಲಿ ಒಂದು ದೇಶಕ್ಕೆ ನಾಲ್ಕೇ ಜಾಗ. ಚೆಲ್ಸಿ ಒಳಗೆ, ಸ್ಪರ್ಸ್ ಹೊರಗೆ. ಆಗ ನನಗೆ ಡೊಂಬಿವಲಿಯಿಂದ ಒಂದು ಪತ್ರವೂ ಬರಲಿಲ್ಲ ನೋಡಿ.

ಪ್ರ: ಭಾನುವಾರ ಎಲ್ಲರ ಕೈಲೂ ಸೋಲೋದು, ಗುರುವಾರ ಹುಲಿ ಥರ ಆಡೋದು. ಆಟಗಾರರು ಲೀಗಿನಲ್ಲಿ ಬೇಕಂತಲೇ ಮೈಗಳ್ಳತನ ಮಾಡ್ತಿದ್ರಾ? ನಮ್ಮ ಹೋಟೆಲಿನ ಹುಡುಗರು ಹೀಗೆ ಮಾಡಿದ್ರೆ ನಾನು ಬಿಡ್ತಿರಲಿಲ್ಲ.
– ಹಿರಿಯ ಓದುಗರು, ಮಾಟುಂಗಾ

ಉ: ಅಣ್ಣಾ, ನಿಮ್ಮ ಹುಡುಗರಿಗೂ ವಾರಕ್ಕೊಂದು ರಜೆ ಕೊಡ್ತೀರಲ್ವಾ? ಇವರಿಗೆ ಅದೂ ಇರಲಿಲ್ಲ. ಕೂಡಿಸಿ ನೋಡಿ: ಲೀಗಿನ 38, ಯುರೋಪಾದ 15, ಇಂಗ್ಲೆಂಡಿನದೇ ಬೇರೆ ಎರಡು ನಾಕೌಟ್ ಪಂದ್ಯಾವಳಿಗಳಾದ ಲೀಗ್ ಕಪ್ಪಿನ 5, ಎಫ್‌ಎ ಕಪ್ಪಿನ 2. ಒಟ್ಟು 60 ಮ್ಯಾಚ್. ಗುರುವಾರ ರಾತ್ರಿ ಯಾವುದೋ ದೇಶದಲ್ಲಿ ಆಟ, ಬೆಳಗಿನ ಜಾವಕ್ಕೆ ವಿಮಾನ, ಭಾನುವಾರ ಮತ್ತೆ ಮೈದಾನ.

ಇದರ ಮೇಲೆ ಕೋಚ್ ಆಂಜ್ ಪೊಸ್ಟೆಕೊಗ್ಲು ಆಡಿಸುವ ರೀತಿ. ಡಿಫೆಂಡರುಗಳು ಮಧ್ಯದ ಗೆರೆಯ ಹತ್ತಿರ ಬಂದು ನಿಲ್ಲಬೇಕು. ಚೆಂಡು ಕಳೆದ ಕೂಡಲೇ ಎಲ್ಲರೂ ಮೇಲೆ ಬೀಳಬೇಕು. ತಪ್ಪಿದರೆ ಹಿಂದಕ್ಕೆ ಐವತ್ತು ಗಜ ಓಟ. ವಾರಕ್ಕೊಂದು ಮ್ಯಾಚ್ ಇದ್ದರೆ ನೋಡೋಕೆ ಹಬ್ಬ. ಮೂರು ದಿನಕ್ಕೊಂದು ಇದ್ದರೆ ತೊಡೆಯ ಹಿಂಬದಿಯ ಸ್ನಾಯು ಕೇಳೋದಿಲ್ಲ. ನಾನು ಮುಂಬೈ ಫೋರ್ಟಿನ ಬ್ಯಾಂಕ್ ತಂಡದಲ್ಲಿ ರೈಟ್ ಬ್ಯಾಕ್ ಆಡುತ್ತಿದ್ದವನು. ಬೆಳಿಗ್ಗೆ ಕೌಂಟರಿನಲ್ಲಿ ಡಿಡಿ ಬರೆಯೋದು, ಸಂಜೆ ಕೂಪರೇಜ್ ಮೈದಾನದಲ್ಲಿ ಮ್ಯಾಚ್. ಹ್ಯಾಮ್‌ಸ್ಟ್ರಿಂಗ್ ಹರಿದಾಗ ಏನಾಗುತ್ತೆ ಗೊತ್ತಾ? ಹಿಂದಿನಿಂದ ಯಾರೋ ತೊಡೆಗೆ ಕಲ್ಲು ಹೊಡೆದ ಹಾಗೆ ಆಗುತ್ತೆ. ತಿರುಗಿ ನೋಡಿದರೆ ಯಾರೂ ಇರೋದಿಲ್ಲ. ಆಮೇಲೆ ಕಾಲು ಊರೋಕೆ ಹೋದಾಗ ಗೊತ್ತಾಗುತ್ತೆ.

ಸ್ಪರ್ಸ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ಹೀಗೆ ಕೂತರು. ಡಿಫೆನ್ಸಿನ ಎರಡು ಕಂಬ ರೊಮೆರೊ ಮತ್ತು ವ್ಯಾನ್ ಡೆ ವೆನ್ ಇಬ್ಬರೂ ತಿಂಗಳುಗಟ್ಟಲೆ ಇಲ್ಲ. ಗೋಲ್‌ಕೀಪರ್ ವಿಕಾರಿಯೊ ಆ ಸಿಟಿ ಮ್ಯಾಚಿನಲ್ಲೇ ಕಾಲಿನ ಗಿಣ್ಣು ಮುರಿದುಕೊಂಡು, ಮುರಿದ ಕಾಲಲ್ಲೇ ಪೂರ್ತಿ ಆಡಿ, ಒಂದು ಗೋಲೂ ಬಿಡದೆ ಬಂದ. ಆಮೇಲೆ ಆಪರೇಷನ್. ಮಿಡ್‌ಫೀಲ್ಡಿನ ಹುಡುಗ ಆರ್ಚಿ ಗ್ರೇ, ವಯಸ್ಸು 18, ಅವನನ್ನು ತಂದು ಸೆಂಟರ್ ಬ್ಯಾಕ್ ಮಾಡಿದರು. ಅವನ ಜೊತೆ ನಿಲ್ಲುತ್ತಿದ್ದ ಡ್ರಾಗುಶಿನ್‌ಗೆ ಜನವರಿ ಕೊನೆಯಲ್ಲಿ ಎಲ್ಫ್ಸ್‌ಬರ್ಗ್ ಮ್ಯಾಚಿನಲ್ಲಿ ಮೊಣಕಾಲಿನ ಲಿಗಮೆಂಟ್ ಹೋಯಿತು.

ಇದ್ದಬದ್ದವರು ವಾಪಸ್ ಬಂದ ಮೇಲೆ ಕೋಚ್ ಒಂದು ತೀರ್ಮಾನಕ್ಕೆ ಬಂದ: ಒಳ್ಳೆಯ ಕಾಲುಗಳೆಲ್ಲ ಗುರುವಾರಕ್ಕೆ. ಏಪ್ರಿಲ್ 27, ಭಾನುವಾರ, ಆನ್‌ಫೀಲ್ಡಿನಲ್ಲಿ ಲಿವರ್‌ಪೂಲ್ ಕೈಲಿ 5-1 ಸೋಲು. ಲಿವರ್‌ಪೂಲ್ ಅವತ್ತೇ ಲೀಗ್ ಚಾಂಪಿಯನ್ ಆಯಿತು. ಆ ದಿನ ಸ್ಪರ್ಸ್‌ನ ಮುಖ್ಯ ಆಟಗಾರರಲ್ಲಿ ಬಹಳ ಜನ ಬೆಂಚಿನಲ್ಲೇ ಶುರು ಮಾಡಿದ್ದರು. ಮೇ 1, ಗುರುವಾರ, ಯುರೋಪಾ ಸೆಮಿಫೈನಲಿನ ಮೊದಲ ಮ್ಯಾಚಿನಲ್ಲಿ ನಾರ್ವೆಯ ಬೊಡೊ/ಗ್ಲಿಮ್ಟ್ ಮೇಲೆ 3-1 ಗೆಲುವು. ನಾಲ್ಕು ದಿನದ ಅಂತರ. ಇದರಲ್ಲಿ ಮೈಗಳ್ಳತನ ಎಲ್ಲಿದೆ ಅಣ್ಣಾ? ಇದ್ದ ಹಿಟ್ಟನ್ನು ಯಾವ ಹೊತ್ತಿಗೆ ಎರೆಯಬೇಕು ಅನ್ನೋ ಲೆಕ್ಕ ಅಷ್ಟೇ, ನಿಮಗೆ ನಾನು ಹೇಳಿಕೊಡಬೇಕಾ?

ಪ್ರ: ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಒಂದೇ ಸೀಸನ್ನಿನಲ್ಲಿ ಸ್ಪರ್ಸ್ ಕೈಲಿ ನಾಲ್ಕು ಸಲ ಸೋತೆವು. ಸಮಾಧಾನಕ್ಕೆ ಏನಾದ್ರೂ ಹೇಳಿ.
– ವಾಶಿ

ಉ: ಓಲ್ಡ್ ಟ್ರ್ಯಾಫರ್ಡಿನಲ್ಲಿ 3-0, ಲೀಗ್ ಕಪ್ಪಿನಲ್ಲಿ 4-3, ಲಂಡನ್ನಿನಲ್ಲಿ 1-0, ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಾ ಫೈನಲಿನಲ್ಲಿ 1-0. ಕೊನೇಪಕ್ಷ ಅಂತರ ಕಮ್ಮಿ ಆಗ್ತಾ ಬಂತು. ಮತ್ತೆ ಲೀಗಿನಲ್ಲಿ ನೀವು 15ನೇ ಸ್ಥಾನ, ಅವರಿಗಿಂತ ಎರಡು ಮೆಟ್ಟಿಲು ಮೇಲೆ.

ಪ್ರ: ಬಿಲ್ಬಾವೊ ಫೈನಲ್ ನೋಡೋಕೆ ನಿದ್ದೆಗೆಟ್ಟು ಕೂತೆ. ಅಂಥ ಕಳಪೆ ಫೈನಲ್ ನಾನು ನೋಡೇ ಇಲ್ಲ. ನಿಮಗೆ ಅದರಲ್ಲಿ ಇಷ್ಟವಾದದ್ದು ಒಂದಾದರೂ ಇದೆಯಾ?
– ವಿಲೆಪಾರ್ಲೆ

ಉ: ಇದೆ. ಮೊದಲು ನಿಮ್ಮ ಮಾತು ಒಪ್ಪಿಬಿಡ್ತೇನೆ. ಮೇ 21ರಂದು ಸ್ಯಾನ್ ಮಮೇಸ್ ಮೈದಾನದಲ್ಲಿ, ನಮ್ಮ ಗಡಿಯಾರದಲ್ಲಿ ನಡುರಾತ್ರಿ ಹನ್ನೆರಡೂವರೆಗೆ ಶುರುವಾದ ಆ ಮ್ಯಾಚಿನಲ್ಲಿ ಚೆಂದ ಹುಡುಕೋದು ಕಷ್ಟ. ಲೀಗಿನಲ್ಲಿ 15ನೆಯವರು ಮತ್ತು 17ನೆಯವರು ಆಡಿದ ಫೈನಲ್. 42ನೇ ನಿಮಿಷದ ಗೋಲೂ ಅಷ್ಟೇ. ಸ್ಪರ್ಸ್‌ನ ಪಾಪೆ ಸಾರ್ ಎಡದಿಂದ ಕ್ರಾಸ್ ಹಾಕಿದ, ಜಾನ್ಸನ್ನೂ ಯುನೈಟೆಡ್‌ನ ಶಾ ಕೂಡ ಒಂದೇ ಕಡೆ ನುಗ್ಗಿದರು, ಚೆಂಡು ಇವನಿಗೆ ತಾಗಿ ಅವನಿಗೆ ತಾಗಿ ಉರುಳಿಕೊಂಡು ಒಳಗೆ ಹೋಯಿತು. ಬ್ರೆನ್ನನ್ ಜಾನ್ಸನ್ ಹೆಸರಿಗೆ ಬರೆದರು. ಅವನು ಒದ್ದನೋ ಚೆಂಡೇ ಅವನಿಗೆ ಒದ್ದಿತೋ ದೇವರೇ ಬಲ್ಲ.

ನನಗೆ ಇಷ್ಟವಾದದ್ದು ಎರಡನೇ ಅರ್ಧದ ಒಂದು ಕ್ಷಣ. ಯುನೈಟೆಡ್‌ನ ಒಂದು ಚೆಂಡು ಎತ್ತರಕ್ಕೆ ಬಂತು. ಗೋಲ್‌ಕೀಪರ್ ವಿಕಾರಿಯೊ ಹಿಡೀತೇನೆ ಅಂತ ಮುಂದೆ ಬಂದ, ಕೈಗೆ ಸಿಗಲಿಲ್ಲ. ಹೊಯ್‌ಲುಂಡ್ ತಲೆ ಕೊಟ್ಟ. ಗೋಲು ಖಾಲಿ, ಚೆಂಡು ಕಮಾನಾಗಿ ಒಳಗೆ ಇಳೀತಾ ಇದೆ. ಅಲ್ಲಿ ವ್ಯಾನ್ ಡೆ ವೆನ್ ಗೋಲಿನ ಕಡೆ ಮುಖ ಮಾಡಿ ಓಡುತ್ತಿದ್ದಾನೆ. ಹಾಗೆ ಓಡುವಾಗ ಚೆಂಡು ತಲೆಯ ಮೇಲಿಂದ ಹೋಗುತ್ತಿದ್ದರೆ ತಲೆಯಲ್ಲಿ ಹೊಡೆಯೋಕೆ ಆಗಲ್ಲ, ತಾಗಿದರೂ ಒಳಗೇ ಹೋಗುತ್ತೆ. ಅವನು ಅಡ್ಡಡ್ಡ ಹಾರಿ, ಬೆನ್ನು ನೆಲದ ಕಡೆ ಮಾಡಿ, ಗಾಳಿಯಲ್ಲೇ ಕಾಲನ್ನು ಮೇಲಕ್ಕೆತ್ತಿ ಚೆಂಡನ್ನು ಗೆರೆಯ ಮೇಲಿಂದ ಹಿಂದಕ್ಕೆ ಎಳೆದು ಹಾಕಿದ. ಅರ್ಧ ಸೆಕೆಂಡಿನ ತೀರ್ಮಾನ. ಮುಂಚೆ ಹಾರಿದ್ದರೆ ಕಾಲಿಗೆ ಸಿಗುತ್ತಿರಲಿಲ್ಲ, ತಡವಾಗಿದ್ದರೆ ಗೋಲು. ನಾನು ಮುಲುಂಡಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವಾಗ ಮೊಬೈಲಿನಲ್ಲಿ ಈ ತುಣುಕನ್ನು ನಿಧಾನ ಮಾಡಿ ತೋರಿಸ್ತೇನೆ. ಎಲ್ಲರಿಗೂ ಗೋಲು ಹೊಡೆಯೋದೇ ಬೇಕು, ಡಿಫೆಂಡರ್ ಆಗೋಕೆ ಒಬ್ಬನೂ ಕೈ ಎತ್ತಲ್ಲ. ಇದನ್ನು ನೋಡಿದ ಮೇಲೆ ಒಬ್ಬಿಬ್ಬರು ಎತ್ತುತ್ತಾರೆ.

ಮತ್ತೆ ಮ್ಯಾಡಿಸನ್, ಕುಲುಸೆವ್‌ಸ್ಕಿ, ಬೆರ್ಗ್‌ವಾಲ್ ಮೂವರೂ ಗಾಯವಾಗಿ ಹೊರಗಿದ್ದರು. ಚೆಂಡನ್ನು ಇಟ್ಟುಕೊಂಡು ಆಡುವವರೇ ಇಲ್ಲದಾಗ ಪೊಸ್ಟೆಕೊಗ್ಲು ತನ್ನ ಹಟ ಬಿಟ್ಟು, ಒಂದು ಗೋಲು ಸಿಕ್ಕ ಮೇಲೆ ಎಲ್ಲರನ್ನೂ ಹಿಂದೆ ನಿಲ್ಲಿಸಿದ. ಎರಡು ವರ್ಷ ಎಲ್ಲರೂ ಬೇಡಿಕೊಂಡರೂ ಮಾಡದವನು ಆ ಒಂದು ರಾತ್ರಿ ಮಾಡಿದ.

ಪ್ರ: ಕಪ್ ಗೆದ್ದ ಕೋಚನ್ನೇ ಮನೆಗೆ ಕಳಿಸಿದರಲ್ಲ, ಇದು ಸರಿಯಾ? ನಮ್ಮ ಹಾಸ್ಟೆಲಿನಲ್ಲಿ ಎರಡು ಪಾರ್ಟಿ ಆಗಿದೆ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಚಿಂಚವಾಡ

ಉ: ನಾನು ಯಾವ ಪಾರ್ಟಿ ಅಂತ ನೇರ ಹೇಳಿಬಿಡ್ತೇನೆ. ತೆಗೆದದ್ದು ತಪ್ಪು.

ನಡೆದದ್ದು ಇಷ್ಟು. 2024ರ ಸೆಪ್ಟೆಂಬರಿನಲ್ಲಿ ಆರ್ಸೆನಲ್ ಕೈಲಿ ಸೋತ ಮೇಲೆ, ನಾನು ಎಲ್ಲಿಗೆ ಹೋದರೂ ಎರಡನೇ ವರ್ಷ ಏನಾದರೂ ಗೆದ್ದೇ ಗೆಲ್ತೇನೆ ಅಂತ ಪೊಸ್ಟೆಕೊಗ್ಲು ಹೇಳಿದ. ಇಡೀ ಇಂಗ್ಲೆಂಡ್ ನಕ್ಕಿತು. ಮೇ ತಿಂಗಳಲ್ಲಿ ಗೆದ್ದು ತೋರಿಸಿದ. ಕ್ಲಬ್ಬಿಗೆ 2008ರ ಲೀಗ್ ಕಪ್ಪಿನ ನಂತರ ಅದೇ ಮೊದಲ ಕಪ್, ಯುರೋಪಿನ ಕಪ್ಪು 1984ರ ನಂತರ ಮೊದಲನೆಯದು. ಜೂನ್ 6ಕ್ಕೆ, ಅಂದರೆ ಫೈನಲ್ ಆಗಿ ಇನ್ನೂ ಮೂರು ವಾರ ತುಂಬುವ ಮುಂಚೆ, ಕೆಲಸದಿಂದ ತೆಗೆದರು.

ಇನ್ನೊಂದು ಪಾರ್ಟಿಯವರ ವಾದ ನನಗೆ ಗೊತ್ತು. 22 ಸೋಲು ಸಣ್ಣ ಮಾತಲ್ಲ. ಫೈನಲ್ ಆಗಿ ನಾಲ್ಕೇ ದಿನಕ್ಕೆ ತಮ್ಮ ಮನೆಯಲ್ಲೇ ಬ್ರೈಟನ್ ಕೈಲಿ 4-1 ತಿಂದರು. ಆದರೆ ಅದೇ ಕೋಚ್ ಹಿಂದಿನ ವರ್ಷ, ಯುರೋಪಿನ ಮ್ಯಾಚೇ ಇಲ್ಲದಾಗ, ಅದೇ ತಂಡವನ್ನು ಐದನೇ ಸ್ಥಾನಕ್ಕೆ ತಂದಿದ್ದ. ಆಟಗಾರರು ಸಾಲುಸಾಲಾಗಿ ಮಲಗಿದ್ದಾಗ ಡಿಫೆಂಡರ್ ಡ್ಯಾನ್ಸೊ ಬಂದದ್ದು ಫೆಬ್ರವರಿಯಲ್ಲಿ. ಡಿಸೆಂಬರ್, ಜನವರಿಯ ಆ ನರಕದ ತಿಂಗಳುಗಳನ್ನು ಹುಡುಗರನ್ನು ಇಟ್ಟುಕೊಂಡೇ ತಳ್ಳಬೇಕಾಯಿತು. ಆ ಸೋಲುಗಳ ಬಿಲ್ಲನ್ನು ಪೂರ್ತಿ ಒಬ್ಬನ ಕೈಗೇ ಕೊಡೋದು ಹೇಗೆ?

ಈ ಕ್ಲಬ್ಬಿನ ಚಾಳಿಯೂ ಒಂದಿದೆ. 1984ರಲ್ಲಿ ಆಂಡರ್‌ಲೆಕ್ಟ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಯುಇಎಫ್‌ಎ ಕಪ್ (ಯುರೋಪಾ ಲೀಗಿನ ಹಳೇ ಹೆಸರು) ಗೆಲ್ಲಿಸಿದ ಕೀತ್ ಬರ್ಕಿನ್‌ಶಾ, ಆಡಳಿತದವರ ಜೊತೆ ಹೊಂದದೆ ಅದರ ಬೆನ್ನಲ್ಲೇ ಹೊರಟುಹೋದ. 2008ರ ಫೆಬ್ರವರಿಯಲ್ಲಿ ಲೀಗ್ ಕಪ್ ಗೆಲ್ಲಿಸಿದ ಹುವಾಂದೆ ರಾಮೋಸ್ ಅದೇ ಅಕ್ಟೋಬರಿಗೆ ಹೊರಗೆ. 2021ರಲ್ಲಂತೂ ಲೀಗ್ ಕಪ್ ಫೈನಲಿಗೆ ಆರು ದಿನ ಇರುವಾಗ ಜೋಸೆ ಮೊರಿನ್ಯೊಗೆ ಬಾಗಿಲು ತೋರಿಸಿದರು, ಫೈನಲ್ ಸಿಟಿ ಕೈಲಿ ಸೋತರು. ಮದುವೆ ಹಿಂದಿನ ದಿನ ಅಡಿಗೆ ಭಟ್ಟರನ್ನು ಓಡಿಸುವ ಮನೆ ಇದು. ನಿಮ್ಮ ಹಾಸ್ಟೆಲಿನ ಎದುರು ಪಾರ್ಟಿಗೆ ಈ ಪಟ್ಟಿ ಓದಿ ಹೇಳಿ.

ಪ್ರ: ನನ್ನ ಮಗ ಹತ್ತನೇ ಕ್ಲಾಸು. ರಾತ್ರಿ ಮ್ಯಾಚ್ ನೋಡ್ತಾನೆ, ಬೆಳಿಗ್ಗೆ ಎಬ್ಬಿಸೋಕೆ ಆಗಲ್ಲ. ಟಿವಿ ಕನೆಕ್ಷನ್ ತೆಗೆಸಿಬಿಡ್ಲಾ?
– ಒಬ್ಬ ತಾಯಿ, ಘಾಟ್‌ಕೋಪರ್

ಉ: ತೆಗೆಸಬೇಡಿ ಅಕ್ಕಾ, ಮೊಬೈಲಿನಲ್ಲಿ ನೋಡ್ತಾನೆ. ವೇಳಾಪಟ್ಟಿ ಹಿಡಿದು ಮಾತಾಡಿ. ಇಂಗ್ಲೆಂಡಿನ ಲೀಗ್ ಬಹುತೇಕ ಶನಿವಾರ, ಭಾನುವಾರ, ಸಂಜೆ ರಾತ್ರಿಯ ಹೊತ್ತಿಗೆ. ಅದರಿಂದ ತೊಂದರೆ ಕಮ್ಮಿ. ತೊಂದರೆ ಇರೋದು ವಾರದ ನಡುವಿನ ಯುರೋಪ್ ಮ್ಯಾಚುಗಳಲ್ಲಿ. ಬೇಸಿಗೆಯಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ ಅಲ್ಲಿ ಗಡಿಯಾರ ಬದಲಾಗುವುದರಿಂದ ನಮಗೆ ಒಂದೂವರೆ ಆಗುತ್ತೆ. ಗುರುವಾರ ಯುರೋಪಾದಲ್ಲಿ ಬೇಗ ಶುರುವಾಗುವ ಮ್ಯಾಚುಗಳು ಹತ್ತೂಕಾಲಿಗೋ ಹನ್ನೊಂದೂಕಾಲಿಗೋ ಇರ್ತವೆ. ಅವನ ತಂಡ ಆ ಹೊತ್ತಿಗೆ ಆಡಿದರೆ ಅರ್ಧವಾದರೂ ನೋಡಲಿ. ತಡವಾಗಿ ಆಡಿದರೆ ಸ್ಕೋರ್ ಹೇಳದೆ ಮಾರನೇ ದಿನ ಸಂಜೆ ಪೂರ್ತಿ ಮ್ಯಾಚ್ ಹಾಕಿಕೊಡಿ. ನಾಕೌಟ್ ಸುತ್ತು ಬರೋದು ಫೆಬ್ರವರಿ, ಮಾರ್ಚಿನಲ್ಲಿ, ಸರಿಯಾಗಿ ಬೋರ್ಡ್ ಪರೀಕ್ಷೆ ಹೊತ್ತಿಗೆ. ಆ ಎರಡು ತಿಂಗಳು ಪೂರ್ತಿ ಬಂದ್. ಫೈನಲ್ ಮೇ ತಿಂಗಳಲ್ಲಿ. ಆಗ ನೀವೂ ಪಕ್ಕದಲ್ಲಿ ಕೂತು ನೋಡಿ.

ಪ್ರ: ಬೊಡೊದ ಪ್ಲಾಸ್ಟಿಕ್ ಹುಲ್ಲಿನ ಬಗ್ಗೆ ಟಿವಿಯವರು ಅಷ್ಟು ಹೆದರಿಸಿದರು. ಹುಲ್ಲು ಹುಲ್ಲೇ ಅಲ್ವಾ?
– ಠಾಣೆ

ಉ: ಒಮ್ಮೆ ಕೂಪರೇಜಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಜಾರಿ ಟ್ಯಾಕಲ್ ಮಾಡಿ ನೋಡಿ, ಆಮೇಲೆ ಮಾತಾಡೋಣ. ಅಲ್ಲೂ ಈಗ ಇರೋದು ಕೃತಕ ಹುಲ್ಲೇ. ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಬರ್ತೀರಿ. ಚೆಂಡು ಪುಟಿಯುವುದು ಬೇರೆ, ಉರುಳುವ ವೇಗ ಬೇರೆ. ಕಾಲು ಹುಲ್ಲಿನಲ್ಲಿ ಸ್ವಲ್ಪ ಜಾರಬೇಕಾದ ಕಡೆ ಅಂಟಿಕೊಂಡು ಮೊಣಕಾಲು ತಿರುಚುತ್ತೆ. ಬೊಡೊ ಇರೋದು ಆರ್ಕ್ಟಿಕ್ ವೃತ್ತದಿಂದಲೂ ಮೇಲೆ. ಅಲ್ಲಿನ ಚಳಿಗೆ ನಿಜವಾದ ಹುಲ್ಲು ತಡೆಯೋದು ಕಷ್ಟ. ಊರಿನ ಜನ ಐವತ್ತು ಸಾವಿರದ ಆಸುಪಾಸು, ಸ್ಟೇಡಿಯಮ್ಮಿಗೆ ಎಂಟು ಸಾವಿರ ಹಿಡಿಯುತ್ತೆ. ಅಲ್ಲಿಂದ ಬಂದು ಯುರೋಪಿನ ಸೆಮಿಫೈನಲ್ ಆಡಿದ ಮೊದಲ ನಾರ್ವೆ ತಂಡ ಅವರದು. ಸ್ಪರ್ಸ್‌ಗಿಂತ ಮುಂಚೆ ರೋಮ್‌ನ ಲಾಜಿಯೊವನ್ನು ಮನೆಗೆ ಕಳಿಸಿದ್ದರು. ಸ್ಪರ್ಸ್ ಅಲ್ಲಿಗೆ ಹೋದಾಗ ಸೊಲಾಂಕೆ, ಪೊರೊ ಒಂದೊಂದು ಹೊಡೆದು 2-0 ಗೆದ್ದರು. ಗಡಿಬಿಡಿ ಮಾಡದೆ ಉದ್ದ ಉದ್ದ ಚೆಂಡು ಹಾಕಿ ಆಡಿದ್ದು ಕೈ ಹಿಡಿಯಿತು. ಅದೇ ವರ್ಷ ಜನವರಿಯಲ್ಲಿ ಐದನೇ ದರ್ಜೆಯ ಟ್ಯಾಮ್‌ವರ್ತ್ ತಂಡದ ಕೃತಕ ಹುಲ್ಲಿನಲ್ಲಿ ಇದೇ ಸ್ಪರ್ಸ್ 90 ನಿಮಿಷ ಒಂದು ಗೋಲೂ ಹೊಡೆಯಲಾಗದೆ ಒದ್ದಾಡಿ, ಎಕ್ಸ್‌ಟ್ರಾ ಟೈಮಿನಲ್ಲಿ 3-0 ಮಾಡಿಕೊಂಡು ಮಾನ ಉಳಿಸಿಕೊಂಡಿದ್ದರು.

ಪ್ರ: ಕ್ರಿಸ್ಟಲ್ ಪ್ಯಾಲೇಸ್ ಎಫ್‌ಎ ಕಪ್ ಗೆದ್ದೂ ಯುರೋಪಾ ಲೀಗ್ ಯಾಕೆ ಸಿಗಲಿಲ್ಲ?
– ಪನ್ವೇಲ್

ಉ: ಮಾಲೀಕರ ತಾಪತ್ರಯ. 2025ರ ಮೇ 17ರಂದು ಸಿಟಿಯನ್ನು 1-0 ಸೋಲಿಸಿ ಅವರ ಇತಿಹಾಸದ ಮೊದಲ ದೊಡ್ಡ ಕಪ್ ಗೆದ್ದರು. ಆದರೆ ಪ್ಯಾಲೇಸ್‌ನಲ್ಲಿ ಪಾಲು ಇದ್ದ ಜಾನ್ ಟೆಕ್ಸ್‌ಟರ್ ಫ್ರಾನ್ಸಿನ ಲಿಯೋನ್ ಕ್ಲಬ್ಬಿನಲ್ಲೂ ಇದ್ದರು, ಲಿಯೋನ್ ಕೂಡ ಅದೇ ಯುರೋಪಾಕ್ಕೆ ಬಂದಿತ್ತು. ಒಬ್ಬರ ಹಿಡಿತದಲ್ಲಿರುವ ಎರಡು ತಂಡ ಒಂದೇ ಪಂದ್ಯಾವಳಿಯಲ್ಲಿ ಆಡುವಂತಿಲ್ಲ. ಅದನ್ನು ಮಾರ್ಚ್ 1ರೊಳಗೆ ಸರಿಮಾಡಿಕೊಳ್ಳಬೇಕಿತ್ತು, ಆಗಿರಲಿಲ್ಲ. ತಮ್ಮ ಲೀಗಿನಲ್ಲಿ ಮೇಲಿದ್ದ ಲಿಯೋನ್ ಉಳಿಯಿತು, ಪ್ಯಾಲೇಸನ್ನು ಕೆಳಗಿನ ಕಾನ್ಫರೆನ್ಸ್ ಲೀಗಿಗೆ ಕಳಿಸಿದರು. ಕ್ರೀಡಾ ನ್ಯಾಯಮಂಡಳಿಗೆ ಹೋದರೂ ಆಗಸ್ಟಿನಲ್ಲಿ ಅಪೀಲು ಬಿದ್ದುಹೋಯಿತು. ಆಟಗಾರರು ಮೈದಾನದಲ್ಲಿ ಗೆದ್ದದ್ದನ್ನು ಕಾಗದದಲ್ಲಿ ಕಳಕೊಂಡರು. ಬ್ಯಾಂಕಿನವನಾಗಿ ಹೇಳ್ತೇನೆ, ಕಡೇ ತಾರೀಕು ಅಂದರೆ ಕಡೇ ತಾರೀಕೇ.

ಪ್ರ: ಲಂಡನ್ ಕಥೆ ಸಾಕು ಮಾರಾಯ್ರೇ. ನಮ್ಮ ಎಫ್‌ಸಿ ಗೋವಾ ಏಷ್ಯಾದಲ್ಲಿ ಆಡುವಾಗ ಯಾಕೆ ಹೀಗೆ ಮಿಂಚೋಕೆ ಆಗಲ್ಲ?
– ಕಾರವಾರದವರು, ಈಗ ಮಡಗಾಂವ್

ಉ: ಒಳ್ಳೆ ಪ್ರಶ್ನೆ. ಗೋವಾ ಏಷ್ಯಾಕ್ಕೆ ಹೋದ ದಾರಿ ನೋಡಿ, ಸ್ಪರ್ಸ್ ಥರವೇ ಕಪ್ಪಿನ ದಾರಿ. 2025ರ ಮೇ 3ರಂದು ಭುವನೇಶ್ವರದಲ್ಲಿ ಜಮ್‌ಶೆಡ್‌ಪುರವನ್ನು 3-0 ಸೋಲಿಸಿ ಭಾರತದ ಸೂಪರ್ ಕಪ್ ಗೆದ್ದರು. ಆಗಸ್ಟಿನಲ್ಲಿ ಫತೋರ್ಡಾದಲ್ಲಿ ಒಮಾನಿನ ಅಲ್ ಸೀಬ್ ಮೇಲೆ 2-1 ಗೆದ್ದು ಏಷ್ಯಾದ ಎರಡನೇ ದರ್ಜೆಯ ಚಾಂಪಿಯನ್ಸ್ ಲೀಗಿನ ಗುಂಪಿಗೆ ಬಂದರು. ಗುಂಪಿನಲ್ಲಿ ಸಿಕ್ಕಿದ್ದು ಸೌದಿಯ ಅಲ್ ನಸ್ರ್. ಅಕ್ಟೋಬರ್ 22ಕ್ಕೆ ರೊನಾಲ್ಡೊ ಬರ್ತಾನೆ ಅಂತ ಗೋವಾ ಪೂರ್ತಿ ಕುಣಿಯಿತು, ಅವನು ಬರಲೇ ಇಲ್ಲ. ಅವನಿಲ್ಲದ ಅಲ್ ನಸ್ರ್ 2-1 ಗೆದ್ದಿತು. ಗೋವಾದ ಗೋಲು ಊರಿನ ಹುಡುಗ ಬ್ರೈಸನ್ ಫರ್ನಾಂಡಿಸ್‌ದು. ಬಜೆಟ್ಟಿನ ಅಂತರ ನೋಡಿದರೆ 2-1 ತಲೆ ತಗ್ಗಿಸುವ ಸ್ಕೋರಲ್ಲ.

ಆದರೆ ಸ್ಪರ್ಸ್ ಕಥೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ಮ್ಯಾಚ್ ಜಾಸ್ತಿಯಾಗಿ ಕಾಲು ಸೋತವು. ಇಲ್ಲಿ ಮ್ಯಾಚೇ ಇರಲಿಲ್ಲ. ಫೆಡರೇಷನ್ನಿನ ಒಪ್ಪಂದದ ಗೊಂದಲದಲ್ಲಿ ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಆ ಅಕ್ಟೋಬರಿನಲ್ಲಿ ಶುರುವೇ ಆಗಿರಲಿಲ್ಲ. ವಾರವಾರ ಲೀಗ್ ಆಡದ ತಂಡ ಸೀದಾ ಹೋಗಿ ಏಷ್ಯಾದ ಮ್ಯಾಚ್ ಆಡಬೇಕಾಯಿತು. ಆಟಗಾರನಿಗೆ ಮ್ಯಾಚಿನ ಉಸಿರು ಬರೋದು ಮ್ಯಾಚ್ ಆಡಿಯೇ, ಪ್ರಾಕ್ಟೀಸಿನಿಂದ ಬರಲ್ಲ. ಎಪ್ಪತ್ತನೇ ನಿಮಿಷಕ್ಕೆ ಕಾಲು ಎಲ್ಲಿಡಬೇಕು ಅಂತ ಮಿದುಳು ಹೇಳುತ್ತೆ, ಕಾಲು ಕೇಳಲ್ಲ. ಸ್ಪರ್ಸ್‌ಗೆ 60 ಮ್ಯಾಚ್ ಹೊರೆ ಆಯಿತು ಅಂತ ನಾವು ಇಷ್ಟು ಹೊತ್ತು ಮರುಗಿದೆವಲ್ಲ, ಅದರಲ್ಲಿ ಮೂರನೇ ಒಂದು ಪಾಲು ಸಿಕ್ಕಿದ್ದರೂ ಗೋವಾದವರು ಹೂವಿನಂತೆ ತಗೊಳ್ತಿದ್ದರು.

ಮಿಂಚಿದ್ದೇ ಇಲ್ಲ ಅಂತಲೂ ಹೇಳಬೇಡಿ. 2021ರ ಏಪ್ರಿಲಿನಲ್ಲಿ ಇದೇ ಗೋವಾ ಏಷ್ಯಾದ ಮೇಲಿನ ದರ್ಜೆಯ ಚಾಂಪಿಯನ್ಸ್ ಲೀಗಿನಲ್ಲಿ ಮೂರು ಡ್ರಾ ಮಾಡಿತ್ತು. ಕೋವಿಡ್ ಸಮಯ, ಫತೋರ್ಡಾದಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಮರುವರ್ಷ ಏಪ್ರಿಲ್ 11ಕ್ಕೆ ನಮ್ಮ ಮುಂಬೈ ಸಿಟಿ ರಿಯಾದಿನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಅಲ್ ಕುವಾ ಅಲ್ ಜವಿಯಾ ಮೇಲೆ 2-1 ಗೆದ್ದಿತು. ಆ ಪಂದ್ಯಾವಳಿಯಲ್ಲಿ ಭಾರತದ ಕ್ಲಬ್ಬೊಂದರ ಮೊಟ್ಟಮೊದಲ ಗೆಲುವು ಅದು. ಗೆಲುವಿನ ಗೋಲು ಮುಂಬೈಯವನೇ ಆದ ರಾಹುಲ್ ಭೇಕೆಯದು. ಆ ಇರಾಕಿ ತಂಡದ ಹೆಸರು ಕನ್ನಡಿಗರಿಗೆ ಮರೆಯಬಾರದು. 2016ರಲ್ಲಿ, ಆಗ ಏಷ್ಯಾದ ಎರಡನೇ ದರ್ಜೆಯ ಪಂದ್ಯಾವಳಿಯಾಗಿದ್ದ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮ ಬೆಂಗಳೂರು ಎಫ್‌ಸಿ. ದೋಹಾದ ಆ ಫೈನಲಿನಲ್ಲಿ ಬೆಂಗಳೂರನ್ನು 1-0 ಸೋಲಿಸಿದ್ದು ಈ ಇರಾಕಿನವರೇ. ಬೆಂಗಳೂರಿನ ಬಾಕಿಯನ್ನು ಮುಂಬೈ ವಸೂಲಿ ಮಾಡಿತು ಅಂತ ನಾನು ಆ ರಾತ್ರಿ ಖುಷಿಪಟ್ಟೆ, ಎರಡೂ ಊರು ನನ್ನವೇ ತಾನೇ.

ಪ್ರ: ಕನ್ನಡಿಗರಿಗೂ ಮುಂಬೈ ಫುಟ್‌ಬಾಲಿಗೂ ಹಳೇ ನಂಟು ಏನಾದರೂ ಇದೆಯಾ?
– ಶಾಲಾ ಶಿಕ್ಷಕಿ, ವಡಾಳಾ

ಉ: ಇದೆ ಟೀಚರ್. ಮುಂಬೈಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ವರ್ಷಾನುಗಟ್ಟಲೆ ಬ್ರಿಟಿಷ್ ರೆಜಿಮೆಂಟುಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು. ಮಕ್ಕಳಿಗೆ ಹೇಳಿಕೊಡಿ.

ಪ್ರ: ಆ ಪೊಸ್ಟೆಕೊಗ್ಲು ಈಗ ಏನ್ ಮಾಡ್ತಿದ್ದಾರೆ?
– ಕಲ್ಯಾಣ್

ಉ: 2025ರ ಸೆಪ್ಟೆಂಬರ್ 9ಕ್ಕೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ಒಂದೂ ಮ್ಯಾಚ್ ಗೆಲ್ಲಲಿಲ್ಲ. ಅಕ್ಟೋಬರ್ 18ರಂದು ಚೆಲ್ಸಿ ಕೈಲಿ 3-0 ಸೋತ ಮ್ಯಾಚ್ ಮುಗಿದು ಕೆಲವೇ ನಿಮಿಷಕ್ಕೆ ಅಲ್ಲಿಂದಲೂ ತೆಗೆದರು. 39 ದಿನ. ಎರಡನೇ ವರ್ಷದ ಮಾತು ಆಡೋಕೆ ಮೊದಲ ದೀಪಾವಳಿಯನ್ನೂ ಕಾಣಲಿಲ್ಲ.